ಸಿಗಡಿಗೆ ಹಾಕಿದ ಮೀನೆಣ್ಣೆ

ಗೊಬ್ಬೂರಿನ ಆ ಮನೆಗೆ ನಾನು ಸೊಸೆಯಾಗಿ ಹೋದಾಗ ಭಾವ ನನ್ನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ತಮ್ಮನ ಹೆಂಡತಿಯ ಜೊತೆ ಮಾತಾಡುವುದು ಮರ್ಯಾದೆಯಲ್ಲ ಎಂಬುದು ಮನೆಯ ರೀತಿ. ಹೇಳಬೇಕಾದ್ದನ್ನೆಲ್ಲ ಅವರು ಅತ್ತೆಗೆ ಹೇಳುತ್ತಿದ್ದರು, ನಾನು ಕಂಬದ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ನನ್ನ ಉತ್ತರವನ್ನು ಅತ್ತೆ ತಮ್ಮ ಬಾಯಿಂದ ಮತ್ತೊಮ್ಮೆ ಹೇಳಬೇಕು. ಕಿವುಡರ ಮನೆಯಲ್ಲಿ ಹೀಗಾದರೆ ಅರ್ಥವಿತ್ತು. ಇಲ್ಲಿ ಎಲ್ಲರ ಕಿವಿಯೂ ನೆಟ್ಟಗಿತ್ತು.

ನನ್ನ ತವರು ಆಳಂದ. ಅಪ್ಪ ತೊಗರಿ ವ್ಯಾಪಾರಿ. ಕಲಬುರ್ಗಿಗೆ ಕಳಿಸಿ ನನ್ನನ್ನು ಪ್ರಾಣಿಶಾಸ್ತ್ರದಲ್ಲಿ ಡಿಗ್ರಿ ಓದಿಸಿದರು, ಆಮೇಲೆ ಡಿಗ್ರಿಯನ್ನೂ ದಾಗೀನಿನ ಜೊತೆ ಟ್ರಂಕಿಗೆ ಹಾಕಿ ಮದುವೆ ಮಾಡಿಕೊಟ್ಟರು. ಗಂಡ ಜೇವರ್ಗಿಯಲ್ಲಿ ಹೈಸ್ಕೂಲು ಮಾಸ್ತರು. ಅಲ್ಲೊಂದು ಕೋಣೆ ಹಿಡಿದು ಇದ್ದರು, ಶನಿವಾರ ಊರಿಗೆ ಬರುತ್ತಿದ್ದರು. ನನ್ನನ್ನು ಯಾಕೆ ಕರೆದುಕೊಂಡು ಹೋಗಬಾರದು ಎಂದರೆ, "ಅವ್ವ ಏನಂತಾಳೋ" ಎನ್ನುತ್ತಿದ್ದರು. ಅವ್ವ ಏನೂ ಅಂದಿರಲಿಲ್ಲ. ಇವರು ಕೇಳಿಯೂ ಇರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ನಮ್ಮ ಹೊಲದ ಕೆಳಗೆ, ಹಳ್ಳದ ದಂಡೆಗೆ, ಒಂದು ದೊಡ್ಡ ಹೊಂಡವಿತ್ತು. ಹಿಂದೆ ಯಾರೋ ಇಟ್ಟಂಗಿಗೆಂದು ಮಣ್ಣು ತೆಗೆದು ಬಿಟ್ಟದ್ದು, ಬೇಸಿಗೆಯಲ್ಲೂ ತಳದಲ್ಲಿ ಒರತೆ ಬತ್ತುತ್ತಿರಲಿಲ್ಲ. ಒಂದು ದಿನ ಮೀನುಗಾರಿಕೆಯ ಕಡೆಯ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದರು. ಕರಾವಳಿ ಕಡೆಯ ಮನುಷ್ಯ, ಮಾತು ಪುಸ್ತಕದಂತಿತ್ತು. ಸಿಹಿನೀರಿನ ಸಿಗಡಿ ಸಾಕಿ ನೋಡಿ, ಹೈದರಾಬಾದಿನ ಹೋಟೆಲುಗಳು ಬಾಯಿ ತೆರೆದುಕೊಂಡು ಕೂತಿವೆ ಎಂದರು. ನಮ್ಮ ಕಡೆ ಅದಕ್ಕೆ ಝಿಂಗಾ ಅಂತಾರೆ. ಲಿಂಗವಂತರ ಮನೆಯಲ್ಲಿ ಆ ಹೆಸರನ್ನೂ ಜೋರಾಗಿ ಅನ್ನುವುದಿಲ್ಲ. ಆದರೆ ಹೈದರಾಬಾದು ಎಂದೊಡನೆ ಭಾವನ ಕಣ್ಣು ಅರಳಿದ್ದನ್ನು ನಾನು ಬಾಗಿಲ ಸಂದಿಯಿಂದ ಕಂಡೆ.

"ಹೊಂಡ ಹೊಲದಾಗ ಅದ, ಮನ್ಯಾಗ ಇಲ್ಲಲ್ಲ. ನಾವೇನು ತಿನ್ನಾಂಗಿಲ್ಲಲ್ಲ," ಎಂದು ಭಾವ ಅತ್ತೆಯನ್ನು ಒಪ್ಪಿಸಿದರು.

"ಆಹಾರ ಹಾಕೋದು, ಅಳತೆ ನೋಡೋದು ಯಾರು ಮಾಡ್ತೀರಿ? ಸ್ವಲ್ಪ ಓದಿದವರು ಬೇಕು," ಎಂದು ಅಧಿಕಾರಿ ಕೇಳಿದರು.

ಭಾವ ಅತ್ತೆಯ ಮುಖ ನೋಡಿದರು. ನಾನು ಬಾಗಿಲ ಹಿಂದಿನಿಂದಲೇ ಅಂದೆ: "ನಾ ಮಾಡ್ತೇನ್ರಿ."

ಅತ್ತೆ ತಿರುಗಿ ನೋಡಿದರು. ಭಾವ ಗೋಡೆ ನೋಡುತ್ತ, "ಓದ್ಯಾಳಲ್ಲ, ಮಾಡ್ಲಿ ಬಿಡು. ಸುಮ್ನ ಕುಂತಾಳ," ಎಂದರು. ಬೆಳಗಿನ ರೊಟ್ಟಿಯಿಂದ ಹಿಡಿದು ಸಂಜೆಯ ಕಸದವರೆಗೆ ನಾನು ಮಾಡುತ್ತಿದ್ದುದಕ್ಕೆ ಆ ಮನೆಯಲ್ಲಿದ್ದ ಹೆಸರು ಅದು, ಸುಮ್ಮನೆ ಕೂರುವುದು.

ಮಳೆ ಹಿಡಿದು ಹೊಂಡ ತುಂಬಿದ ಮೇಲೆ ಮರಿಗಳು ಬಂದವು. ಗಾಳಿ ತುಂಬಿ ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲಗಳು, ಒಳಗೆ ನೀರು, ನೀರಿನಲ್ಲಿ ಜೋಳದ ಹೊಟ್ಟಿನಷ್ಟು ತೆಳ್ಳಗಿನ ಜೀವಗಳು. ಮೈ ಎಷ್ಟು ತಿಳಿಯೆಂದರೆ ಎರಡು ಕರಿಯ ಕಣ್ಣು ಮಾತ್ರ ಈಜಿದಂತೆ ಕಾಣುತ್ತಿತ್ತು. ಚೀಲಗಳನ್ನು ಹೊಂಡದ ಮೇಲೆ ತೇಲಬಿಟ್ಟು, ಒಳಗಿನ ನೀರು ಹೊರಗಿನ ನೀರಿನಷ್ಟು ಬೆಚ್ಚಗಾದ ಮೇಲೆ ಮೆಲ್ಲನೆ ಬಾಯಿ ಬಿಚ್ಚಿದೆವು. ಅವು ಅಡಗಲಿ ಎಂದು ಒಡೆದ ಹೆಂಚು, ಬಾಯಿ ಮುರಿದ ಗಡಿಗೆ ತಳಕ್ಕೆ ಹಾಕಿದ್ದೆ. ಸಿಗಡಿ ಬೆಳೆಯುವಾಗ ಹಳೆಯ ಚಿಪ್ಪು ಕಳಚುತ್ತದೆ. ಹೊಸ ಚಿಪ್ಪು ಗಟ್ಟಿಯಾಗುವತನಕ ಮೈ ಬೆಣ್ಣೆಯಂತಿರುತ್ತದೆ, ಆಗ ಅದರ ಜೊತೆಯವೇ ಅದನ್ನು ಹರಿದು ತಿನ್ನುತ್ತವೆ.

ಅಧಿಕಾರಿ ಹೇಳಿದಂತೆ ಹೊಂಡದ ನಡುವೆ ಬಿದಿರು ನೆಟ್ಟು ನೈಲಾನ್ ಜಾಳಿಗೆ ಕಟ್ಟಿ ಎರಡು ಭಾಗ ಮಾಡಿದ್ದರು. ಎರಡೂ ಕಡೆಗೆ ಒಂದೇ ಹಿಟ್ಟು: ಶೇಂಗಾ ಹಿಂಡಿ, ಸೋಯಾ, ತೊಗರಿಯ ನುಚ್ಚು. ಒಂದು ಕಡೆಯ ಹಿಟ್ಟಿಗೆ ಕುಸುಬಿ ಎಣ್ಣೆ, ಇನ್ನೊಂದು ಕಡೆಯದಕ್ಕೆ ಮೀನೆಣ್ಣೆ. ಸಿಗಡಿಗೆ ಬೇಕಾದ ಕೆಲವು ಕೊಬ್ಬು ಅದರ ಮೈಯಲ್ಲಿ ತಯಾರಾಗುವುದಿಲ್ಲ, ಹೊರಗಿನಿಂದಲೇ ಬರಬೇಕು, ಮೀನೆಣ್ಣೆಯಲ್ಲಿ ಅದು ಧಾರಾಳವಾಗಿದೆ. ನಮ್ಮ ಕುಸುಬಿ ಎಣ್ಣೆಯಿಂದಲೇ ಕೆಲಸ ನಡೆದರೆ ಒಳ್ಳೆಯದು, ನಡೆಯದಿದ್ದರೆ ಎಷ್ಟು ಮೀನೆಣ್ಣೆ ಸಾಕು ಎಂದು ತಿಳಿಯಬೇಕು. ನೋಡಬೇಕಾದದ್ದು ಇಷ್ಟೇ. ಕಾಲೇಜು ಬಿಟ್ಟ ಮೇಲೆ ಮೊದಲ ಸಲ ಯಾರೋ ನನಗೊಂದು ಪ್ರಶ್ನೆ ಕೊಟ್ಟಿದ್ದರು. ನಾನು ಖುಷಿಯಾಗಿದ್ದೆ.

ಆ ಖುಷಿ ಮೀನೆಣ್ಣೆಯ ಡಬ್ಬಿಯ ಮುಚ್ಚಳ ತೆಗೆಯುವತನಕ.

ಆ ವಾಸನೆ ಇಂಥದ್ದೆಂದು ಹೇಳುವುದು ಕಷ್ಟ. ಕೈಗೆ ಹತ್ತಿದರೆ ಸಾಬೂನಿಗೆ ಹೋಗದು, ಬೂದಿಗೆ ಹೋಗದು, ಸೀಗೆಪುಡಿಗೂ ಹೋಗದು. ದನದ ಕೊಟ್ಟಿಗೆಯ ಮೂಲೆಯಲ್ಲಿ ನಾನು ಹಿಟ್ಟು ಕಲಸುತ್ತಿದ್ದೆ. ತವರಿನಿಂದ ತಂದಿದ್ದ ಶಾವಿಗೆ ಮಷೀನಿನಲ್ಲಿ ಎಳೆ ಒತ್ತಿ, ಹಬೆಯಲ್ಲಿ ಬೇಯಿಸಿ, ಚಾಪೆಯ ಮೇಲೆ ಒಣಗಿಸಿ, ಮುರಿದು ಡಬ್ಬಕ್ಕೆ ತುಂಬುತ್ತಿದ್ದೆ. ಮೊದಲ ದಿನವೇ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೊಟ್ಟಿಗೆಯ ಬಾಗಿಲಿಗೆ ಬಂದರು.

"ಕೊಳ್ಳಾಗ ಲಿಂಗ ಕಟ್ಕೊಂಡು ಇದನ್ನ ಕಲಸ್ತೀಯೇನ ಬೇ?"

"ನೀವೇ ಒಪ್ಪೀರಲ್ರಿ ಅತ್ತಿ."

"ಝಿಂಗಾಕ್ಕ ಒಪ್ಪೇನಿ. ಈ ನಾತಕ್ಕ ಯಾರ ಒಪ್ಯಾರ?"

ಆ ವಾರದಿಂದ ನನ್ನ ಊಟದ ತಾಟು ಬೇರೆಯಾಯಿತು. ಸೀರೆ ಒಣಹಾಕಲು ಹಗ್ಗ ಬೇರೆ. ಒಲೆಯ ಹತ್ತಿರ ಹೋಗುವಂತಿಲ್ಲ, ನೀರಿನ ಹಂಡೆ ಮುಟ್ಟುವಂತಿಲ್ಲ. ಊಟವನ್ನು ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ಕೊಟ್ಟಿಗೆಯ ಕಟ್ಟೆಯ ಮೇಲೆ ತಂದಿಟ್ಟು ಹೋಗುತ್ತಿದ್ದಳು. ಮೊದಮೊದಲು ಅವಳೂ ಮಾತಾಡುತ್ತಿರಲಿಲ್ಲ. ಮನುಷ್ಯರಲ್ಲಿ ಮೇಲು ಕೀಳು ಇಲ್ಲ, ದುಡಿಮೆಯಲ್ಲಿ ಮಡಿ ಮೈಲಿಗೆ ಇಲ್ಲ ಎಂದು ಹೇಳಿದ ಹಿರಿಯರ ಪಟಕ್ಕೆ ದಿನಾ ಹೂ ಏರಿಸುವ ಮನೆ ಅದು. ಪಟದ ಕೆಳಗೇ ಕುಳಿತು ಉಂಡು ಕೈತೊಳೆಯುತ್ತಿದ್ದ ಭಾವ ಆ ತಾಟು ಕಂಡು ಒಂದು ಮಾತು ಆಡಲಿಲ್ಲ. ಹೊಂಡ ಅವರದು, ಅರ್ಜಿ ಅವರ ಹೆಸರಿನದು, ಮುಂದೆ ಬರುವ ಲಾಭವೂ ಅವರದೇ. ನಾತ ಮಾತ್ರ ನನ್ನದು.

ಶನಿವಾರ ಬಂದ ಗಂಡನಿಗೆ ತಾಟು ತೋರಿಸಿದೆ. "ಸ್ವಲ್ಪ ದಿನ ತಡಕೋ," ಎಂದರು. ಹಾಗೆಂದು ಕಿಟಕಿಯ ಹತ್ತಿರ ಹಾಸಿಗೆ ಎಳೆದುಕೊಂಡು ಮಲಗಿದರು. ನನ್ನ ಕೈಯ ವಾಸನೆಗೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಆ ಹಾಸಿಗೆ ಎಳೆದ ಸಪ್ಪಳ ನನಗೆ ಬಹಳ ಕಾಲ ಮರೆತುಹೋಗಲಿಲ್ಲ.

ಹೊಂಡದ ದಂಡೆಯಲ್ಲಿ ಮಾತ್ರ ನಾನು ಮನುಷ್ಯಳಾಗಿರುತ್ತಿದ್ದೆ. ಬಿದಿರ ತಟ್ಟೆಯಲ್ಲಿ ಆಹಾರವಿಟ್ಟು ನೀರಿಗಿಳಿಸಿದರೆ ಸ್ವಲ್ಪ ಹೊತ್ತಿಗೆ ಮೀಸೆಗಳು ಕಾಣುತ್ತಿದ್ದವು, ಆಮೇಲೆ ಕಾಲುಗಳು. ಮೀನೆಣ್ಣೆಯ ಕಡೆ ತಟ್ಟೆ ಬೇಗ ಬರಿದಾಗುತ್ತಿತ್ತು. ಊರಿನ ಬಲೆಗಾರನೊಬ್ಬ ಆಗಾಗ ಬಂದು ಬಲೆ ಎಸೆದು ಕೆಲವನ್ನು ಹಿಡಿದು ಕೊಡುತ್ತಿದ್ದ, ನಾನು ತೂಗಿ ಬಿಡುತ್ತಿದ್ದೆ. ಮೊದಲೆರಡು ಸಲ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ತೂಕ. ಮೂರನೆಯ ಸಲ ತಕ್ಕಡಿ ಮೀನೆಣ್ಣೆಯ ಕಡೆಗೆ ಜಗ್ಗಿತು. ಆ ಕಡೆಯ ಚಿಪ್ಪು ಗಟ್ಟಿ, ಬಣ್ಣ ಗಾಢ. ಕಳಚಿದ ಚಿಪ್ಪುಗಳೂ ಆ ಕಡೆಯ ದಂಡೆಯಲ್ಲಿಯೇ ಹೆಚ್ಚು ಸಿಗುತ್ತಿದ್ದವು.

ಶ್ರಾವಣದಲ್ಲಿ ಮನೆಯಲ್ಲಿ ಸ್ವಾಮಿಗಳ ಪಾದಪೂಜೆ ಇಟ್ಟುಕೊಂಡರು. ಹಿಂದಿನ ದಿನ ನನ್ನನ್ನು ಆಳಂದಕ್ಕೆ ಕಳಿಸಿದರು, "ತವರಿಗೆ ಹೋಗಿ ಬಾ, ಪಂಚಮಿಗೂ ಹೋಗಿಲ್ಲ" ಎಂದು. ಅತ್ತೆಯ ದನಿಯಲ್ಲಿ ಅಪರೂಪದ ಅಕ್ಕರೆ ಇತ್ತು. ಆಹಾರ ಹಾಕಲು ಹೊಲದ ಆಳಿಗೆ ಹೇಳಿಕೊಟ್ಟು ಹೋದೆ. ತಿರುಗಿ ಬಂದಾಗ ಕೊಟ್ಟಿಗೆ ಸಾರಿಸಿ ರಂಗೋಲಿ ಹಾಕಿತ್ತು. ಮೀನೆಣ್ಣೆಯ ಡಬ್ಬಿ ಇರಲಿಲ್ಲ. ಒಣಗಿಸಿಟ್ಟ ಆಹಾರವೂ ಇರಲಿಲ್ಲ. ಹಿತ್ತಲ ಆಚೆ ತಿಪ್ಪೆಯ ಮೇಲೆ ಹೊಳೆಯುವ ಜಿಡ್ಡು, ಅದರ ಸುತ್ತ ನಾಯಿಗಳು. ಡಬ್ಬಿ ಬೋರಲಾಗಿ ಬಿದ್ದಿತ್ತು.

ನಾನು ನೇರ ಪಡಸಾಲೆಗೆ ನಡೆದೆ. ಕಂಬದ ಮರೆಗೆ ಹೋಗಲಿಲ್ಲ.

"ಎಣ್ಣಿ ಯಾರ ಚೆಲ್ಲ್ಯಾರ್ರಿ?"

ಭಾವ ಎಲೆ ಅಡಿಕೆ ಮಡಚುತ್ತಿದ್ದರು. ಅತ್ತೆಯ ಕಡೆ ನೋಡಿ, "ಸ್ವಾಮೇರು ಬರೋ ಮನ್ಯಾಗ ಅದನ್ನ ಇಡಾಕ ಬರ್ತದೇನು, ಹೇಳು ಅಕಿಗಿ," ಎಂದರು.

"ನನಗ ಕೇಳಸ್ತದ್ರಿ. ನಂಗ ಹೇಳ್ರಿ."

"ದನಿ ತಗ್ಗಿಸು ಬೇ," ಎಂದರು ಅತ್ತೆ.

ನಾನು ಅಡುಗೆಮನೆಯಲ್ಲಿ ದೇವರ ಗೂಡಿನ ಪಕ್ಕದಲ್ಲಿದ್ದ ಒಂದು ಬಾಟಲಿ ತಂದು ಭಾವನ ಮುಂದೆ ಇಟ್ಟೆ. ಅವರ ಕಿರಿಯ ಮಗಳು ಸೊರಗಿದ್ದಾಳೆಂದು ಕಲಬುರ್ಗಿಯ ಡಾಕ್ಟರು ಬರೆದುಕೊಟ್ಟ ಟಾನಿಕ್ಕು. ದಿನಾ ಬೆಳಿಗ್ಗೆ ಪೂಜೆಯಾದ ಮೇಲೆ ಅತ್ತೆಯೇ ಚಮಚದಲ್ಲಿ ಕುಡಿಸುತ್ತಿದ್ದರು. "ಇದರ ಮ್ಯಾಲ ಏನ ಬರದದ ಓದ್ರಿ. ಇದೂ ಮೀನೆಣ್ಣಿನೇ. ಕಿತ್ತಳಿ ಹಣ್ಣಿನ ವಾಸನಿ ಕೂಡಿಸ್ಯಾರ, ಅಷ್ಟೇ. ಇದು ದೇವರ ಗೂಡಿನ ಪಕ್ಕದಾಗ ಅದ. ನನ್ನ ಡಬ್ಬಿ ತಿಪ್ಪಿ ಮ್ಯಾಲ ಯಾಕ ಬಿತ್ರಿ?"

ಭಾವ ಬಾಟಲಿಯನ್ನು ಮುಟ್ಟಲಿಲ್ಲ. ಅಡಿಕೆ ಬಾಯಿಗೆ ಹಾಕಿಕೊಂಡು, "ಔಷಧಕ್ಕ ದೋಷ ಇಲ್ಲ," ಎಂದು ಗೋಡೆಗೆ ಹೇಳಿ ಎದ್ದುಹೋದರು. ಅತ್ತೆ ಬಾಟಲಿಯನ್ನು ಎತ್ತಿ, ಸೆರಗಿನಿಂದ ಒರೆಸಿ, ಇದ್ದಲ್ಲಿಯೇ ಇಟ್ಟರು. ಮರುದಿನ ಬೆಳಿಗ್ಗೆಯೂ ಕುಡಿಸಿದರು. ಮಗು ಗುಂಡಗಾಗುತ್ತಿತ್ತು, ಅದರ ಮೇಲೆ ನನಗೇನೂ ಸಿಟ್ಟಿರಲಿಲ್ಲ.

ಅಫಜಲಪುರದ ಕಚೇರಿಗೆ ಹೋಗಿ ಅಧಿಕಾರಿಗೆ ಎಲ್ಲ ಹೇಳಿದೆ. ಅವರು ಒಳ್ಳೆಯವರೇ, ಆದರೆ ಪುಕ್ಕಲು. "ಮನೆಯ ವಿಷಯ ಮೇಡಂ, ನಾನು ಏನು ಹೇಳಲಿ?" ಎಂದು ಇನ್ನೊಂದು ಡಬ್ಬಿ ಕೊಟ್ಟು ಕಳಿಸಿದರು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದೆ, ಅಕ್ಕಪಕ್ಕದವರು ಎದ್ದು ಹೋದರು. ಈ ಸಲ ಡಬ್ಬಿಯನ್ನು ಮನೆಗೆ ತರಲೇ ಇಲ್ಲ. ಹೊಂಡದ ದಂಡೆಯಲ್ಲಿ ಜೋಳದ ದಂಟಿನ ಗುಡಿಸಲು ಹಾಕಿಸಿ, ಶಾವಿಗೆ ಮಷೀನನ್ನೂ ಅಲ್ಲಿಗೇ ಒಯ್ದೆ. ಬಿಟ್ಟುಹೋದ ದಿನಗಳಲ್ಲಿ ಮೀನೆಣ್ಣೆಯ ಕಡೆಯವು ಸ್ವಲ್ಪ ಹಿಂದೆ ಬಿದ್ದಿದ್ದವು. ಮತ್ತೆ ಹಾಕತೊಡಗಿದ ಮೇಲೆ ಚೇತರಿಸಿಕೊಂಡು ಮುಂದೆ ಹೋದವು.

ಮಳೆಗಾಲ ಮುಗಿಯುವ ಹೊತ್ತಿಗೆ ವ್ಯತ್ಯಾಸ ಕಣ್ಣಿಗೇ ಕಾಣುವಂತಾಯಿತು. ಗಂಡು ಸಿಗಡಿಗಳ ಏಡಿಯಂಥ ನೀಲಿ ಕೊಂಡಿಗಾಲು ನನ್ನ ಗೇಣಿನಷ್ಟು ಉದ್ದವಾಗಿತ್ತು. ಸುದ್ದಿ ಕೇಳಿ ಭಾವ ಒಂದು ಸಂಜೆ ಹೊಂಡಕ್ಕೆ ಬಂದರು. ಬಲೆಗಾರ ಎರಡೂ ಕಡೆಯವನ್ನು ಹಿಡಿದು ಪಕ್ಕಪಕ್ಕ ಇಟ್ಟು ತೋರಿಸಿದ. ಭಾವ ದೂರದಿಂದಲೇ ನೋಡಿ ಹೋದರು. ಮಾರನೆಯ ದಿನ ನಾನು ಹೋಗುವಷ್ಟರಲ್ಲಿ ಆಳು ಗುಡಿಸಲಿನಲ್ಲಿ ಕುಳಿತು ಹಿಟ್ಟಿಗೆ ಮೀನೆಣ್ಣೆಯನ್ನು ಧಾರೆಯಾಗಿ ಸುರಿಯುತ್ತಿದ್ದ.

"ಏನ ಮಾಡಾಕತ್ತಿ?"

"ಧಣ್ಯಾರ ಹೇಳ್ಯಾರ್ರಿ. ಜಾಸ್ತಿ ಹಾಕಿದ್ರ ಜಾಸ್ತಿ ಬೆಳೀತಾವಂತ. ಎರಡೂ ಕಡಿ ಹಾಕು ಅಂದಾರ್ರಿ."

ತಿಪ್ಪೆಗೆ ಚೆಲ್ಲಿಸಿದ ಬಾಯಿಯೇ ಈಗ ಹೆಚ್ಚು ಸುರಿ ಎನ್ನುತ್ತಿತ್ತು. ಕಲಸಿದ್ದನ್ನು ಹಾಕಬೇಡ ಎಂದೆ. ಅವನು ಧಣಿಗೆ ಹೆದರಿ ಹಾಕಿಯೇ ಬಿಟ್ಟ. ನಾಲ್ಕು ದಿನದಲ್ಲಿ ನೀರಿನ ಮೇಲೆ ಎಣ್ಣೆಯ ಪದರ ಬಂತು. ತಟ್ಟೆಯ ಆಹಾರ ಅರ್ಧಕ್ಕರ್ಧ ಉಳಿಯತೊಡಗಿತು. ಬೆಳಗಿನ ಜಾವ ಸಿಗಡಿಗಳು ದಂಡೆಗೆ ಬಂದು ಉಸಿರಿಗೆ ಒದ್ದಾಡುತ್ತಿದ್ದವು. ಒಂದಷ್ಟು ಸತ್ತವು. ಹಿಟ್ಟಿನ ಒಂದು ಸೇರಿಗೆ ಕೆಲವೇ ಚಮಚ ಎಣ್ಣೆ ಸಾಕು, ಮೀರಿದರೆ ಬೆಳವಣಿಗೆ ನಿಲ್ಲುತ್ತದೆ ಎಂಬುದು ಆ ಅವಿವೇಕದಿಂದ ಚೆನ್ನಾಗಿಯೇ ಗೊತ್ತಾಯಿತು. ಹಳ್ಳದ ನೀರು ಹಾಯಿಸಿ, ಆಹಾರ ನಿಲ್ಲಿಸಿ, ಮತ್ತೆ ಮೊದಲಿನ ಅಳತೆಗೆ ಬರುವಷ್ಟರಲ್ಲಿ ನನ್ನ ಕೈಕಾಲು ಕೆಸರಿನಲ್ಲಿ ಬಿರಿದಿದ್ದವು. ಗುಡಿಸಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅದರ ಬಗ್ಗೆ ಯಾರೂ ಕೇಳಲಿಲ್ಲ. ನನ್ನ ಮುಖ ನೋಡಿ ಕೇಳಲು ಹೆದರಿದರು ಅನಿಸುತ್ತದೆ.

ಚಳಿಗಾಲದ ಎಳ್ಳಮಾಸಿ ಹಬ್ಬ ಮುಗಿದ ಮೇಲೆ ಹೊಂಡದ ನೀರು ಇಳಿಸಿ ಸಿಗಡಿ ಹಿಡಿದರು. ಮಂಜುಗಡ್ಡೆಯ ಪೆಟ್ಟಿಗೆ ಹೇರಿಕೊಂಡು ಬಂದ ಟ್ರಕ್ಕು ನಮ್ಮ ಹೊಲದ ದಾರಿಗೆ ನಿಂತಿತ್ತು. ನೆಗೆಣ್ಣಿಯೂ ಬಂದು ನೋಡಿದಳು. ಕುಸುಬಿ ಎಣ್ಣೆಯ ಕಡೆಯವು ಬೆರಳಿನಷ್ಟು ದಪ್ಪ, ಮೀನೆಣ್ಣೆಯ ಕಡೆಯವು ಅದಕ್ಕಿಂತ ಢಾಳಾಗಿ ದೊಡ್ಡವು. "ಇದೆಲ್ಲ ಆ ಎಣ್ಣಿದೇನ ತಂಗಿ?" ಎಂದು ಕೇಳಿದಳು. ಹೌದೆಂದೆ. ಆಮೇಲೆ, "ತಾಟ ಬ್ಯಾರೆ ಮಾಡಿದಾಕಿ ನಾನಲ್ಲ. ತಂದು ಇಟ್ಟಾಕಿ ನಾನು," ಎಂದಳು. ಆ ಎರಡರ ನಡುವೆ ದೊಡ್ಡ ಅಂತರವಿದೆ ಎಂದು ನನಗೆ ಆಗ ಅನಿಸಲಿಲ್ಲ.

ಕೆಲ ವಾರಗಳ ನಂತರ ಅಫಜಲಪುರದಲ್ಲಿ ರೈತರ ಸಭೆ. ಭಾವನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಹೆಂಗಸರು ಹಿಂದಿನ ಜಮಖಾನೆಯ ಮೇಲೆ ಕುಳಿತಿದ್ದೆವು. ನನ್ನ ಗಂಡ ಗಂಡಸರ ಸಾಲಿನಲ್ಲಿದ್ದರು. ಮಣ್ಣೂರ ಕಡೆಯ ರೈತನೊಬ್ಬ ಎದ್ದು, "ಝಿಂಗಾ ಇಷ್ಟು ದಪ್ಪ ಹ್ಯಾಂಗ ಆದ್ವುರಿ? ಏನ ಹಾಕಿದ್ರಿ?" ಎಂದು ಕೇಳಿದ.

ಭಾವ ಶಾಲು ಸರಿಮಾಡಿಕೊಂಡು, "ಒಂದು ಔಷಧ ಹಾಕೇವ್ರಿ," ಎಂದರು.

"ಯಾವ ಔಷಧರಿ? ಎಷ್ಟು?"

ಭಾವ ಅಧಿಕಾರಿಯನ್ನು ನೋಡಿದರು. ಅಧಿಕಾರಿ ಕಾಗದ ನೋಡಿದರು. ಮೀನೆಣ್ಣೆ ಎಂಬ ಒಂದು ಶಬ್ದ ತಮ್ಮ ಬಾಯಿಂದ ನಾಲ್ಕು ಜನರೆದುರು ಬಂದರೆ ತಮ್ಮ ಮಡಿ ಎಲ್ಲಿ ಹೋಗುತ್ತದೋ ಎಂದು ಆ ಮನುಷ್ಯ ಅಷ್ಟು ಜನ ರೈತರನ್ನು ಕತ್ತಲಲ್ಲಿಡಲು ತಯಾರಿದ್ದರು. ನಾನು ತಡೆಯಲಾರದೆ ಎದ್ದು ನಿಂತೆ.

"ಔಷಧ ಅಲ್ರಿ. ಮೀನೆಣ್ಣಿ. ನಾನ ಕಲಸೇನಿ, ನಾನ ಹಾಕೇನಿ. ಎಷ್ಟು ಹಾಕಬೇಕು, ಎಷ್ಟು ಹಾಕಿದ್ರ ಸಾಯ್ತಾವ, ಎರಡೂ ಹೇಳ್ತೇನಿ, ಕೇಳ್ರಿ."

ಯಾರೋ ನಕ್ಕರು. ಯಾರೋ "ಕುಂಡ್ರು ತಾಯಿ" ಎಂದರು. ಮಣ್ಣೂರಿನ ರೈತ ಮಾತ್ರ, "ಹೇಳ್ಲಿ ಬಿಡ್ರಿ, ನಮಗ ಬೇಕಾಗ್ಯಾದ," ಎಂದ. ನಾನು ನಿಂತಲ್ಲಿಂದಲೇ ಹೇಳಿದೆ: ಹಿಟ್ಟು ಏನು, ಎಣ್ಣೆ ಎಷ್ಟು, ಕುಸುಬಿ ಎಣ್ಣೆಯ ಕಡೆ ಏನಾಯಿತು, ಹೆಚ್ಚು ಸುರಿದಾಗ ಏನಾಯಿತು. ಯಾರು ಸುರಿಸಿದರು ಎಂಬುದನ್ನೂ ಹೇಳಿದೆ.

ಮನೆಗೆ ಬಂದ ಮೇಲೆ ಅತ್ತೆ ಅಳತೊಡಗಿದರು. "ಹಿರೇತನ ಮಣ್ಣಪಾಲ ಮಾಡಿದಿ," ಎಂದರು. ಭಾವ ತಮ್ಮನಿಗೆ, "ನಿನ್ನ ಹೇಣ್ತಿಗಿ ಬಾಯಿ ಮುಚ್ಚಾಕ ಹೇಳು," ಎಂದರು. ಗಂಡ ಬಹಳ ಹೊತ್ತು ನೆಲ ನೋಡಿದರು. ಇನ್ನು 'ತಡಕೋ' ಎಂದರೆ ಒಬ್ಬಳೇ ಆಳಂದದ ಬಸ್ಸು ಹತ್ತುವುದೆಂದು ನಾನು ನಿರ್ಧರಿಸಿದ್ದೆ. ಅವರು ತಲೆ ಎತ್ತಿ, "ಅಕಿ ಸುಳ್ಳೇನ ಹೇಳ್ಯಾಳಣ್ಣ?" ಎಂದರು. ಅಷ್ಟೇ. ಮರುದಿನ ನನ್ನ ಟ್ರಂಕು ಹೊತ್ತು ಜೇವರ್ಗಿಗೆ ಕರೆದುಕೊಂಡು ಹೋದರು. ಆ ಒಂದು ಮಾತಿಗಾಗಿ ಅವರ ಮೇಲಿನ ಸಿಟ್ಟು ಅರ್ಧ ಕಡಿಮೆಯಾಯಿತು. ಉಳಿದರ್ಧ, ಅದನ್ನು ಅಷ್ಟು ತಡವಾಗಿ ಆಡಿದ್ದಕ್ಕೆ.

ಜೇವರ್ಗಿಯಲ್ಲಿ ನಾನು ಶಾಲೆಯ ಹುಡುಗಿಯರಿಗೆ ವಿಜ್ಞಾನ ಹೇಳಿಕೊಡತೊಡಗಿದೆ. ಮುಂದಿನ ವರ್ಷ ಭಾವ ಮತ್ತೆ ಮರಿ ತರಿಸಿದರಂತೆ. ಮೀನೆಣ್ಣೆ ಕಲಸುವವರಿಲ್ಲದೆ ಬರಿ ಹಿಂಡಿ ಹಾಕಿದರು. ಸಿಗಡಿ ಬೆಳೆಯಲಿಲ್ಲ, ಮರಿ ಕೊಟ್ಟವರು ಮೋಸ ಮಾಡಿದರು ಎಂದು ಊರೆಲ್ಲ ಬೈದರು. ಒಂದು ಭಾನುವಾರ ನಮ್ಮ ಕೋಣೆಯ ಬಾಗಿಲಿಗೆ ತಾವೇ ಬಂದು ನಿಂತರು. ಗಂಡ ಸಂತೆಗೆ ಹೋಗಿದ್ದರು. ಒಳಗೆ ಬರ್ರಿ ಎಂದೆ, ಬರಲಿಲ್ಲ. ಹೊಸ್ತಿಲಾಚೆ ನಿಂತು, ಮೊದಲ ಸಲ ನನ್ನ ಮುಖ ನೋಡಿ, "ಎಣ್ಣಿ ಎಷ್ಟು ಹಾಕ್ತಿದ್ದಿ?" ಎಂದರು.

ಹೇಳಿದೆ. ಹೇಳಬಾರದೆಂದು ಒಂದು ಕ್ಷಣ ಅನಿಸಿತು, ಆದರೆ ಸಭೆಯಲ್ಲಿ ಎಲ್ಲರಿಗೂ ಹೇಳಿದ್ದನ್ನು ಇವರೊಬ್ಬರಿಗೆ ಮುಚ್ಚಿಡುವುದು ನನಗೆ ತಕ್ಕದ್ದಲ್ಲ. ಆಮೇಲೆ ಕೇಳಿದೆ, "ಕಲಸೋರು ಯಾರ್ರಿ?"

"ನಿಮ್ಮಕ್ಕ ಕಲಸ್ತಾಳ," ಎಂದರು, ತಮ್ಮ ಹೆಂಡತಿಯನ್ನು ಕುರಿತು.

ಆರಿತೆಂದುಕೊಂಡಿದ್ದ ಸಿಟ್ಟು ಮತ್ತೆ ಕುದಿಯಿತು. ಒಬ್ಬಳು ಹೋದಳು, ಕೊಟ್ಟಿಗೆಗೆ ಇನ್ನೊಬ್ಬಳು. "ನೀವ ಕಲಸ್ರಿ. ನಿಮಗೂ ಕೈ ಅದಾವ," ಎಂದೆ. "ಅಕ್ಕನ ಕೈಲೆ ಕಲಸಿಸೋದಾದ್ರ ಅಕಿ ತಾಟ ಬ್ಯಾರೆ ಮಾಡಬ್ಯಾಡ್ರಿ. ಮಾಡಿದ್ರಂದ್ರ ನಾ ಗೊಬ್ಬೂರಿಗೆ ಬಂದು ಚಾವಡಿ ಮುಂದ ನಿಂತು ಕೇಳ್ತೇನಿ."

ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ನೀರೂ ಕುಡಿಯಲಿಲ್ಲ.

ಮುಂದೇನಾಯಿತೆಂದು ನನಗೆ ಹೇಳಿದವಳು ನೆಗೆಣ್ಣಿಯೇ. ಎಷ್ಟೋ ತಿಂಗಳ ಮೇಲೆ ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಳು, ತಂಗಿಯ ಮನೆಗೆಂದು ಖಜೂರಿಯ ಬಸ್ಸು ಕಾಯುತ್ತಿದ್ದಳು. ಭಾವ ಡಬ್ಬಿ ತಂದು ಕೊಟ್ಟಿಗೆಯಲ್ಲಿಟ್ಟು ಕಲಸು ಎಂದಾಗ ಅವಳು ಅತ್ತೆಯನ್ನು ಕರೆದು ಕೇಳಿದಳಂತೆ: "ನಾ ಕಲಸ್ತೇನಿ. ಕೈ ತೊಳಕೊಂಡು ರೊಟ್ಟಿ ಬಡಿತೇನಿ. ನೀವು ಉಣ್ತೀರೇನ್ರಿ?" ಅತ್ತೆ ಮುಖ ತಿರುಗಿಸಿ ಒಳಗೆ ಹೋದರಂತೆ. ಇವಳು ಡಬ್ಬಿ ಮುಟ್ಟಲಿಲ್ಲ. ಹೊಂಡವನ್ನು ಕೊನೆಗೆ ಆ ಬಲೆಗಾರನಿಗೇ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟರು. ಅವನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕೂತು ಕಲಸುತ್ತಾರಂತೆ, ಒಂದೇ ತಾಟಿನಲ್ಲಿ ಉಣ್ಣುತ್ತಾರಂತೆ. ಸಿಗಡಿ ಛಲೋ ಬರುತ್ತಿದೆಯಂತೆ.

ಅದನ್ನು ಹೇಳುತ್ತ ನೆಗೆಣ್ಣಿ ನಗುತ್ತಿದ್ದಳು. ಅವಳ ಬಸ್ಸು ಬಂತು. ಹತ್ತುವ ಮೊದಲು ನನ್ನ ಕೈ ಹಿಡಿದು, ಸ್ವಲ್ಪ ಹೊತ್ತು ಬಿಡಲಿಲ್ಲ.